ಹಸಿರು ಬಟ್ಟೆಯ ಮೇಲಿದ್ದದ್ದು

ಅನೀಶ ತಂದ ಯಂತ್ರ ನೋಡಲು ಏನೂ ಅಲ್ಲ. ಹೆಬ್ಬೆರಳಿನ ದಪ್ಪದ ಒಂದು ಕೊಳವೆ, ಅದನ್ನು ಹಿಡಿದು ನಿಲ್ಲುವ ಲೋಹದ ಕಾಲು, ಕೊಳವೆಯ ತುದಿಗೆ ಬಳೆಯ ಹಾಗೆ ಸುತ್ತಿ ಉರಿಯುವ ಬಿಳಿಯ ಪುಟ್ಟ ದೀಪಗಳು, ಮೇಲೊಂದು ಅಂಗೈಯಗಲದ ತೆರೆ. ಡಿಜಿಟಲ್ ಮೈಕ್ರೋಸ್ಕೋಪು ಎಂದು ಅವನು ಅಕ್ಕ ಅನ್ನಪೂರ್ಣೇಶ್ವರಿಗೆ ಹೇಳಿದ. ಮಡಿಕೇರಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತ, ಉಳಿದ ಹೊತ್ತನ್ನೆಲ್ಲ ಹಳೆಯ ನಾಣ್ಯಗಳ ಸಂಗದಲ್ಲಿ ಕಳೆಯುವವನು ಅವನು. ಅನ್ನಪೂರ್ಣೆಗೆ ಎದೆಯೊಳಗೆ ಅಳುಕು ಹುಟ್ಟಿದ್ದು ಆ ಯಂತ್ರವನ್ನು ಕಂಡಲ್ಲ, ಅದರ ಕಣ್ಣಿನ ಕೆಳಗೆ ಇಡಬೇಕಾಗಿದ್ದ ವಸ್ತುವನ್ನು ನೆನೆದು.

ಇಡಬೇಕಾಗಿದ್ದದ್ದು ದೇವಿಯ ಕಾಸಿನ ಸರ.

ಚೆಟ್ಟಳ್ಳಿಯಿಂದ ಒಳಗೆ, ಕಾಫಿ ತೋಟಗಳ ನಡುವೆ ಇರುವ ಸಣ್ಣ ದೇವಸ್ಥಾನ ಅದು. ಅನ್ನಪೂರ್ಣೆಯ ಗಂಡ ಚಿದಂಬರ ಅಲ್ಲಿನ ಅರ್ಚಕ; ಅವನ ತಂದೆಯೂ ಅಲ್ಲಿಯೇ ಗಂಟೆ ಅಲ್ಲಾಡಿಸಿ ಬಾಳು ಮುಗಿಸಿದವರು. ಯಾವುದೋ ಊರಿನ ಗುಡಿಯಲ್ಲಿ ಒಡವೆ ಕಳವಾಯಿತಂತೆ, ಕದ್ದ ಮಾಲು ಸಿಕ್ಕರೂ ಇದು ನಮ್ಮದೆಂದು ತೋರಿಸಲು ಊರವರ ಬಳಿ ಒಂದು ಫೋಟೋ ಕೂಡ ಇರಲಿಲ್ಲವಂತೆ. ಆ ಸುದ್ದಿ ಕಿವಿಗೆ ಬಿದ್ದ ಮೇಲೆ ಆಡಳಿತ ಸಮಿತಿಯ ಅಧ್ಯಕ್ಷ ಮಂಜುನಾಥ, ನಮ್ಮ ದೇವಿಯ ಸರದ ಪ್ರತಿ ನಾಣ್ಯದ ಎರಡು ಮುಖ, ಅಂಚು, ಒಂದೊಂದು ಗೀರು ಸಮೇತ ಚಿತ್ರವಾಗಿ ಇರಬೇಕು ಎಂದು ಹಟ ಹಿಡಿದ. ಸಂಜೆಗೆ ತಾನೇ ಬಂದು, ಕಣ್ಣೆದುರಿಗೇ ಸರ ಪೋಣಿಸುವಂತೆ ಮಾಡಿ, ಮತ್ತೆ ದೇವಿಗೆ ಒಪ್ಪಿಸುವುದಾಗಿ ಹೇಳಿ ಕಳಿಸಿದ್ದ.

ಚಿದಂಬರನ ತಾಯಿ ವನಜಮ್ಮನಿಗೆ ಇದು ಸರಿಬರಲಿಲ್ಲ. ದೇವಿಯ ಮೈಮೇಲಿನದ್ದನ್ನು ಬಿಚ್ಚಿ ಬೆಳಕಿಗೆ ಹರಡುವುದು ಒಳ್ಳೆಯದಲ್ಲ ಎಂದು ಒಂದೇ ಸಲ ಹೇಳಿದರು. ಎರಡನೆಯ ಸಲ ಹೇಳುವ ಹೆಂಗಸಲ್ಲ ಅವರು. ಆದರೂ ಬೆಳಗಿನ ಪೂಜೆ ಮುಗಿದು ಮಗ ಸರವನ್ನು ಇಳಿಸಿ ಕೈಗೆ ಕೊಟ್ಟಾಗ, ಗುಡಿಯ ಜಗಲಿಯಲ್ಲಿ ಕೂತು ಹಳೆಯ ರೇಷ್ಮೆದಾರದ ಗಂಟುಗಳನ್ನು ಬಿಡಿಸಿದವರೂ ಅವರೇ. ನಾಣ್ಯಗಳನ್ನು ಹಿತ್ತಾಳೆಯ ಕರಡಿಗೆಗೆ ಹಾಕಿ ಮಗನ ಕೈಗಿತ್ತು, ಹೂವಿನ ಬುಟ್ಟಿ ಎಳೆದುಕೊಂಡು ಅಲ್ಲೇ ಉಳಿದರು. ಮನೆಗೆ ತಂದ ಕರಡಿಗೆಯಲ್ಲಿದ್ದದ್ದನ್ನು ಯಾರೂ ಎಣಿಸಲಿಲ್ಲ. ದೇವಿಯ ಚಿನ್ನವನ್ನು ಮನೆಯೊಳಗೆ ಕೂತು ಎಣಿಸುವ ಪದ್ಧತಿ ಆ ಕುಟುಂಬದಲ್ಲಿ ಇರಲಿಲ್ಲ. ಎಷ್ಟಿವೆ ಭಾವ ಎಂದು ಅನೀಶ ಕೇಳಿದ, ಇಪ್ಪತ್ತೊಂದು ಎಂದು ಚಿದಂಬರ ಹೇಳಿದ. ಮಂತ್ರದ ಹಾಗೆ ಬಾಯಿಗೆ ಬರುತ್ತಿದ್ದ ಸಂಖ್ಯೆ ಅದು.

ನಡುಮನೆಯ ಗಿಡ್ಡ ಮೇಜಿನ ಮೇಲೆ ಕೈವಸ್ತ್ರದಷ್ಟು ಹಸಿರು ಬಟ್ಟೆ ಹಾಸಿ ಅನೀಶ ನಾಣ್ಯಗಳನ್ನು ಹರಡಿದ. ಕೊಳವೆಯನ್ನು ಕಾಲಿನ ತುದಿಯವರೆಗೆ ಮೇಲೇರಿಸಿ, ಇಡೀ ಬಟ್ಟೆ ತೆರೆಯೊಳಗೆ ಬರುವಂತೆ ಮೊದಲೊಂದು ಚಿತ್ರ ತೆಗೆದ. ಕೈ ತಾಗಿದರೆ ಯಂತ್ರ ಅಲುಗುತ್ತದೆಂದು ದೂರದಿಂದಲೇ ಒತ್ತುವ ಒಂದು ಪುಟ್ಟ ರಿಮೋಟು ಅವನ ಬಳಿ ಇತ್ತು. ಅದು ಬೆಳಿಗ್ಗೆಯೇ ತೊಂದರೆ ಕೊಟ್ಟಿತ್ತು; ಬಟ್ಟೆ ಹಾಸಿದ ಕೂಡಲೇ ಉಗುರಿನಿಂದ ಮುಚ್ಚಳ ಎಬ್ಬಿಸಿ, ಬ್ಯಾಟರಿ ಬದಲಾಯಿಸಿ, ಈಗ ಸರಿಯಾಯಿತು ಎಂದು ತನ್ನಷ್ಟಕ್ಕೇ ಹೇಳಿಕೊಂಡಿದ್ದ. ಆಮೇಲೆ ಕೊಳವೆಯನ್ನು ಮೊದಲ ನಾಣ್ಯದ ಮೇಲಕ್ಕೆ ಇಳಿಸಿದ.

ಸೊಂಟದ ಮೇಲೆ ಮಗುವನ್ನು ಹೊತ್ತು ಅನ್ನಪೂರ್ಣೆ ಹಿಂದೆ ನಿಂತು ನೋಡಿದಳು. ಮಗು ಆಶ್ರಿತಾ; ಓಡಲು ಕಲಿತು ಹೆಚ್ಚು ದಿನವಾಗಿರಲಿಲ್ಲ, ಮಾತು ಇನ್ನೂ ಮೊದಲಕ್ಷರಗಳಲ್ಲೇ ಇತ್ತು. ತೆರೆಯ ಮೇಲೆ ಮುಸುಕು ಹೊದ್ದ ಮುದುಕಿಯೊಬ್ಬಳ ಮುಖ ಮೂಡಿತು. ನೀವು ಪವನು ಎನ್ನುವುದು ನಿಜದಲ್ಲಿ ಅರ್ಧ ಪವನಿನ ನಾಣ್ಯ, ಅದರ ಮೇಲಿರುವುದು ಇಂಗ್ಲೆಂಡಿನ ರಾಣಿ ಎಂದು ಅನೀಶ ವಿವರಿಸಿದ. ಮುಸುಕಿನ ನೆರಿಗೆ ನೆರಿಗೆಯಲ್ಲೂ ಕೆಂಪಗೆ ಏನೋ ಕೂತಿತ್ತು. ಎಷ್ಟೋ ತಲೆಮಾರಿನ ಕುಂಕುಮ. ಇಷ್ಟು ವರ್ಷ ನಮ್ಮ ದೇವಿ ಇವಳಿಗೂ ಸೇರಿಸಿಯೇ ಮಂಗಳಾರತಿ ತೆಗೆಸಿಕೊಂಡಿದ್ದಾಳೆ ನೋಡು ಎಂದು ಚಿದಂಬರ ನಕ್ಕ. ಅನೀಶನೂ ನಕ್ಕು ನಾಣ್ಯವನ್ನು ಮಗುಚಿದ.

ಹಿಂಬದಿಯಲ್ಲಿ ಕುದುರೆ ಏರಿದ ಒಬ್ಬ ವೀರ. ಅವನು ಯಾವುದೋ ದೇವರೆಂದೇ ವನಜಮ್ಮ ಇಷ್ಟು ಕಾಲ ಕೈ ಮುಗಿದಿದ್ದರು. ಬರಿಗಣ್ಣಿಗೆ ಕುದುರೆಯ ಕಾಲಡಿಯಲ್ಲಿ ಏನೋ ಒಂದು ಗಂಟಿನ ಹಾಗೆ ಕಾಣುತ್ತಿತ್ತು. ಅನೀಶ ತಿರುಪು ತಿರುಗಿಸಿದಂತೆ ಆ ಗಂಟು ಹಿಗ್ಗುತ್ತ ಹಿಗ್ಗುತ್ತ ತೆರೆಯನ್ನೆಲ್ಲ ತುಂಬಿತು. ಹುರುಪೆ ಹುರುಪೆಯ ಮೈ. ಸುತ್ತಿಕೊಂಡ ಬಾಲ. ತೆರೆದ ಬಾಯಿ, ಮೇಲಕ್ಕೆತ್ತಿದ ಕತ್ತು, ಅದರ ಮೇಲೆ ಇಳಿಯುತ್ತಿರುವ ಗೊರಸು.

ಹಾವಲ್ಲ ಅಕ್ಕಾ, ಅವರ ಕಡೆಯ ಕಥೆಯಲ್ಲಿ ಬರುವ ಡ್ರ್ಯಾಗನ್ ಎಂಬ ಮೃಗ ಎಂದ ಅನೀಶ. ಅವಳು ಕೇಳಿಸಿಕೊಂಡಳು, ಒಪ್ಪಲಿಲ್ಲ. ನಾಗನ ಕಲ್ಲಿನ ಸುತ್ತ ಹಾರೆ ತಾಗಿಸದ ಮನೆ ಅದು. ನಾಗರ ಪಂಚಮಿಯಂದು ಸೌತೆಕಾಯಿಗೂ ಕತ್ತಿ ಇಡದವರು. ಅಂಥ ಮನೆತನದವರು ಪೂಜಿಸುವ ದೇವಿಯ ಎದೆಯ ಮೇಲೆ ಇಷ್ಟು ಕಾಲವೂ ಒಂದಲ್ಲ, ಸಾಲುಸಾಲು ಸರ್ಪಗಳು ತುಳಿಸಿಕೊಳ್ಳುತ್ತಲೇ ಇದ್ದವು. ಕಾಣದೆ ಇದ್ದಷ್ಟು ದಿನ ಅದು ಪಾಪವಲ್ಲ, ಈಗ ಕಂಡೂ ಆಯಿತು. ಅವಳು ಅಂಗೈಯಿಂದ ಮಗುವಿನ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಮಗುವನ್ನು ಕೆಳಗೆ ಬಿಟ್ಟು ಒಳಗೆ ಓಡಿದಳು.

ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಇಳಿಸುವಾಗ ಒಂದು ಸದ್ದು ಕೇಳಿತು. ಬಹಳ ಸಣ್ಣ ಸದ್ದು. ಅನ್ನಪೂರ್ಣೆಯ ತಂದೆ ಮಠವೊಂದರಲ್ಲಿ ಕಾವ್ಯ ಓದಿ ಹೇಳುತ್ತಿದ್ದವರು; ಅಲ್ಲಿನ ಕಂಬಕ್ಕೊರಗಿ ಕೇಳುತ್ತ ಬೆಳೆದ ಅವಳಿಗೆ, ಓದುವವನು ಉಸಿರು ನಿಲ್ಲಿಸಬಾರದ ಕಡೆ ನಿಲ್ಲಿಸಿದರೆ ಅರ್ಥ ತಿಳಿಯುವ ಮೊದಲೇ ಕಿವಿಗೆ ಚುಚ್ಚುತ್ತಿತ್ತು. ಇದೂ ಹಾಗೆಯೇ. ನಡುವೆ ಕಡಿದ ಉಸಿರು, ಆಮೇಲೊಂದು ಕೆಮ್ಮು. ಪಾತ್ರೆಯನ್ನು ಹಾಗೇ ಬಿಟ್ಟು ಬಂದಳು.

ಮಗು ಮೇಜಿನ ಕೆಳಗೆ ಕೂತಿತ್ತು. ಹಸಿರು ಬಟ್ಟೆಯ ಒಂದು ಅಂಚು ಅದರ ಮುಷ್ಟಿಯಲ್ಲಿತ್ತು. ಅಳುತ್ತಿರಲಿಲ್ಲ. ಕಣ್ಣು ಅಗಲಿಸಿ, ಯಾರೋ ಬೈದಂತೆ ಸುಮ್ಮನೆ ನೋಡುತ್ತಿತ್ತು. ಗಂಡಸರಿಬ್ಬರೂ ತೆರೆಯ ಮೇಲಿನ ಒಂದು ಗೀರಿನ ವಿಚಾರ ಮಾತಾಡುತ್ತಿದ್ದರು. ಅವಳು ಮಗುವಿನ ಬಾಯಿಗೆ ಬೆರಳು ಹಾಕಿ ತಡಕಿದಳು, ಏನೂ ಸಿಗಲಿಲ್ಲ. ಎತ್ತಿಕೊಂಡಳು. ಬಟ್ಟಲಲ್ಲಿ ಹಾಲು ಆರಿಸಿ ತುಟಿಗೆ ಇಟ್ಟರೆ ಮಗು ಮುಖ ತಿರುಗಿಸಿತು. ಸ್ವಲ್ಪ ಹೊತ್ತಿಗೆ ಗಲ್ಲದ ಮೇಲೆ ಜೊಲ್ಲು ಇಳಿಯತೊಡಗಿತು. ಹಲ್ಲು ಬರುತ್ತಿರಬೇಕು ಎಂದ ಚಿದಂಬರ.

ಅನೀಶ ಒಂದೊಂದೇ ನಾಣ್ಯದ ಚಿತ್ರ ತೆಗೆದು ಕರಡಿಗೆಗೆ ಹಾಕುತ್ತ ಹೋದ. ಬಟ್ಟೆ ಬರಿದಾಯಿತು. ಯಂತ್ರಕ್ಕೆ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ನಾಣ್ಯಗಳ ಚಿತ್ರವಿತ್ತು. ಅವನು ಮತ್ತೆ ನೋಡಿದ. ಕರಡಿಗೆ ಬೋರಲು ಹಾಕಿ, ಪದ್ಧತಿ ಮೀರಿ, ಎಣಿಸಿದ. ಚಿದಂಬರ ಚಾಪೆ ಎತ್ತಿದ, ಮೇಜು ಸರಿಸಿದ, ಮೊಣಕಾಲೂರಿ ಮಂಚದ ಕೆಳಗೆ ಟಾರ್ಚು ಹಾಕಿದ. ಆಮೇಲೆ ನಿಧಾನವಾಗಿ ಎದ್ದು ನಿಂತ. ಮೂವರೂ ಮಗುವಿನ ಕಡೆ ತಿರುಗಿದರು. ಅದರ ಅಂಗಿಯ ಎದೆ ಅಷ್ಟು ಹೊತ್ತಿಗೆ ಪೂರ್ತಿ ತೋಯ್ದಿತ್ತು.

ಆಸ್ಪತ್ರೆಗೆ ಹೋಗೋಣ ಎಂದು ಅನ್ನಪೂರ್ಣೆ ಹೇಳಿದಳು. ಆ ಮಾತು ಕೇಳಿ ಚಿದಂಬರನ ಮುಖದಲ್ಲಿ ರಕ್ತ ಇಳಿದುಹೋಯಿತು. ಅವನು ಕೆಟ್ಟವನಲ್ಲ, ಮಗಳೆಂದರೆ ಪ್ರಾಣ. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣ ಮುಂದೆ ಮಂಜುನಾಥನೂ, ಸಮಿತಿಯ ಹತ್ತು ಜನರೂ, ಸಂತೆಯ ದಿನ ಅಮ್ಮತ್ತಿ ಪೇಟೆಯಲ್ಲಿ ನಿಂತು ನಗುವವರೂ ಸಾಲಾಗಿ ಬಂದು ನಿಂತರು. ಭಟ್ಟರ ಮನೆಗೆ ಕೊಟ್ಟ ಸರದಲ್ಲಿ ಒಂದು ಪವನು ಮಾಯ, ಮಗು ನುಂಗಿತಂತೆ ಎಂದರೆ ನಂಬುವವರು ಯಾರು? ನಂಬಿದರೂ, ಹೊಟ್ಟೆಯೊಳಗಿಂದ ಹಾದು ಬಂದ ಚಿನ್ನವನ್ನು ಮತ್ತೆ ದೇವಿಯ ಮೈಗೆ ಏರಿಸುವುದು ಹೇಗೆ? ಅವನು ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಯಾರಿಗೂ ಹೇಳುವುದು ಬೇಡ. ನಾಣ್ಯ ತಾನಾಗಿ ಇಳಿದು ಹೋಗ್ತದೆ. ಹುಟ್ಟಿದ ಹನ್ನೊಂದಕ್ಕೆ ಇವಳಿಗೆ ಚಿನ್ನ ತೇದು ನೆಕ್ಕಿಸಿಲ್ವಾ ನಾವು? ಇದು ದೇವಿಯದ್ದೇ ಚಿನ್ನ. ಇವಳಿಗೆ ಎಂತ ಮಾಡ್ತದೆ ಹೇಳು."

ಅನೀಶ ಫೋನಿನಲ್ಲಿ ಹುಡುಕಿದ. ಮಕ್ಕಳು ನುಂಗಿದ ನಾಣ್ಯ ಬಹುಪಾಲು ಒಂದೆರಡು ದಿನಗಳಲ್ಲಿ ಹೊರಗೆ ಬರುತ್ತದೆ ಎಂದು ಅಲ್ಲೂ ಇತ್ತು. ಉಸಿರಾಟ ಸರಿ ಇದೆಯಲ್ಲ, ಕಾದು ನೋಡೋಣ ಎಂದ. ಅನ್ನಪೂರ್ಣೆಯ ಅರ್ಧ ಮನಸ್ಸು ಗಂಡನ ಮಾತನ್ನು ಹಿಡಿದುಕೊಂಡಿತು. ಬಾಣಂತಿ ಕೋಣೆಯಲ್ಲಿ ಅತ್ತೆ ಜೇನಿನಲ್ಲಿ ಉಂಗುರ ತೇದು ಮಗುವಿನ ನಾಲಗೆಗೆ ತಾಗಿಸಿದ್ದು, ಚಿನ್ನ ಒಳಗೆ ಹೋದರೆ ಆಯುಸ್ಸು ಎಂದದ್ದು, ಎಲ್ಲ ನೆನಪಾಯಿತು. ಇನ್ನರ್ಧ ಮನಸ್ಸು ತೆರೆಯ ಮೇಲೆ ಕಂಡ ಆ ಹುರುಪೆ ಮೈಯನ್ನು ಬಿಟ್ಟು ಕದಲಲಿಲ್ಲ. ಕಾಲಡಿಯ ಆ ಸರ್ಪ ಈಗ ತನ್ನ ಮಗುವಿನ ಗಂಟಲಲ್ಲಿ ಸುತ್ತಿಕೊಂಡಿದೆ ಎಂದು ಅವಳಿಗೆ ಅನಿಸಿತು. ಬೇಡವೆಂದರೂ ಅನಿಸಿತು.

ಬಾಳೆಹಣ್ಣು ಕಿವುಚಿ ತುತ್ತು ಮಾಡಿ ಕೊಟ್ಟರು. ಮಗು ಒಂದು ತುತ್ತು ಬಾಯಿಗೆ ತೆಗೆದುಕೊಂಡು, ಕತ್ತು ಮುಂದೆ ಚಾಚಿ, ಹಾಗೇ ಹೊರಗೆ ಬಿಟ್ಟಿತು. ಮತ್ತೆ ಕೊಟ್ಟರೆ ಬಾಯಿ ತೆರೆಯಲಿಲ್ಲ. ಚಿದಂಬರ ದೇವರ ಕೋಣೆಯಲ್ಲಿ ಕೂತು ಜಪ ಮಾಡಿದ. ಹೊರಗೆ ಕಣದಲ್ಲಿ ಕಾಫಿ ಹಣ್ಣು ಹರಡುವ ಹೆಂಗಸರ ಮಾತು, ಕುಂಟೆ ಎಳೆಯುವ ಸದ್ದು ಎಲ್ಲ ಎಂದಿನಂತೆ ಇತ್ತು. ಬಿಸಿಲು ಏರಿತು. ಮಗು ಒಂದು ಸಲ ಅಮ್ಮಾ ಎಂದಿತು. ಆ ದನಿ ಕೇಳಿ ಅನ್ನಪೂರ್ಣೆ ಬೆಚ್ಚಿದಳು. ಬೆಳಗಿನ ದನಿಯಲ್ಲ ಅದು. ಮರಳಿನ ಮೇಲೆ ಎಳೆದ ಹಾಗೆ ಒರಟಾಗಿತ್ತು.

ಅವಳಿಗೆ ತಡೆಯಲಾಗಲಿಲ್ಲ. ಗಂಡನಿಗೆ ಹೇಳದೆ ಮಗುವನ್ನು ಸೆರಗಿನಲ್ಲಿ ಸುತ್ತಿ, ಕಣದ ಅಂಚಿನಲ್ಲಿ ಇಳಿದು, ಗುಡಿಗೆ ನಡೆದಳು. ದೇವಿಯ ಮುಂದೆ ಮಗುವನ್ನು ಮಲಗಿಸಿ, ನೋಡಬಾರದ್ದನ್ನು ನೋಡಿದೆ, ನನ್ನ ಕಣ್ಣು ಬೇಕಾದರೆ ತಗೋ, ಇವಳನ್ನು ಬಿಡು ಎಂದು ಬೇಡಿಕೊಳ್ಳಬೇಕು ಎಂದಷ್ಟೇ ಅವಳ ತಲೆಯಲ್ಲಿದ್ದದ್ದು.

ವನಜಮ್ಮ ಜಗಲಿಯಲ್ಲಿ ಮಧ್ಯಾಹ್ನದ ಪೂಜೆಗೆ ಮಾಲೆ ಕಟ್ಟುತ್ತಿದ್ದರು. ಸೊಸೆಯ ಮುಖ ನೋಡಿ ಕೈ ನಿಲ್ಲಿಸಿದರು. ಅನ್ನಪೂರ್ಣೆ ಮೆಟ್ಟಿಲಲ್ಲೇ ಕುಸಿದು, ಒಂದು ಪವನು ಕಾಣೆಯಾದದ್ದು, ಮಗು ನುಂಗಿದ್ದು, ಯಾರಿಗೂ ಹೇಳಬಾರದೆಂದು ಗಂಡ ಅಂದದ್ದು, ಎಲ್ಲವನ್ನೂ ಮುರಿದ ಮಾತುಗಳಲ್ಲಿ ಹೇಳಿದಳು. ಮುದುಕಿ ಪೂರ್ತಿ ಕೇಳಿದರು. ಆಮೇಲೆ ಎದ್ದು, ಸೊಸೆಯ ತೋಳು ಹಿಡಿದು ಗರ್ಭಗುಡಿಯ ಹೊಸ್ತಿಲಿನ ತನಕ ಕರೆದುಕೊಂಡು ಹೋಗಿ, ಒಳಗೆ ಬೆರಳು ತೋರಿಸಿದರು.

ದೀಪದ ಬೆಳಕಿನಲ್ಲಿ ದೇವಿಯ ಕೊರಳು ಕಂಡಿತು. ಅಲ್ಲಿ ಅರಿಶಿನ ಹಚ್ಚಿದ ಒಂದೆಳೆ ದಾರ, ದಾರದಲ್ಲಿ ಒಂದೇ ಒಂದು ಪವನು.

"ಬರಿಗೊರಳಲ್ಲಿ ಬಿಟ್ಟು ಬರಲಿಕ್ಕೆ ಆಗ್ತದಾ ಅವಳನ್ನು? ಸರ ಇಳಿಸಿದಾಗೆಲ್ಲ ಒಂದು ಕಾಸು ಕಟ್ಟಿಯೇ ಕಳಿಸಬೇಕು, ನನ್ನ ಅತ್ತೆ ಹೇಳಿಕೊಟ್ಟದ್ದು. ಗಂಡಸರಿಗೆ ಇದೆಲ್ಲ ಎಲ್ಲಿ ಗೊತ್ತಿರ್ತದೆ. ಪುಕ್ಕಲ ನನ್ನ ಮಗ. ಹೋಗು, ಮಗುವಿಗೆ ಹಾಲು ಕೊಡು."

ಅನ್ನಪೂರ್ಣೆ ಬಾಗಿಲ ಕಂಬ ಹಿಡಿದು ನಿಂತು, ತಾನು ಅಳುತ್ತಿದ್ದೇನೆ ಎಂಬುದೂ ತಿಳಿಯದೆ ಅತ್ತಳು. ಕಳೆದಿಲ್ಲ. ಮಗು ನುಂಗಿಲ್ಲ. ದೇವಿ ಮುನಿದಿಲ್ಲ. ಅಲ್ಲೇ ಇದ್ದಾಳೆ, ತನ್ನದನ್ನು ತಾನು ತೊಟ್ಟುಕೊಂಡು ನಗುತ್ತಿದ್ದಾಳೆ.

ಆಗ ಹೆಗಲ ಮೇಲೆ ಏನೋ ಬೆಚ್ಚಗೆ ಇಳಿಯಿತು. ಸೆರಗು ತೆಗೆದು ನೋಡಿದಳು. ಮಗುವಿನ ಜೊಲ್ಲು. ಬಿಳಿಯ ನೊರೆಯ ನಡುವೆ ಕಂದು ಬಣ್ಣದ ಸಣ್ಣ ಗೆರೆ.

ನಾಣ್ಯ ದೇವಿಯ ಕೊರಳಲ್ಲಿದೆ. ಹಾಗಾದರೆ ಇವಳ ಗಂಟಲಲ್ಲಿರುವುದು ಏನು?

ಅಲ್ಲಿಯ ತನಕ ಅವಳು ಹೆದರಿದ್ದೆಲ್ಲ ಒಂದು ಹೆದರಿಕೆಯೇ ಅಲ್ಲ ಎನಿಸಿತು. ಇಷ್ಟು ಹೊತ್ತು ಒಳಗಿದ್ದದ್ದು ಚಿನ್ನ. ಅದಕ್ಕೆ ಒಂದು ಹೆಸರಿತ್ತು, ಒಂದು ಮುಖವಿತ್ತು, ಬೇಡಿಕೊಳ್ಳಲು ಒಬ್ಬ ದೇವಿ ಇದ್ದಳು. ಈಗ ಅದು ಯಾವುದೂ ಅಲ್ಲ. ಅವಳು ಕಣ ದಾಟಿ ಓಡಿದಳು. ಹಣ್ಣು ಹರಡುತ್ತಿದ್ದ ಹೆಂಗಸರು ಕುಂಟೆ ನಿಲ್ಲಿಸಿ ನೋಡಿದರು.

ಪವನು ಗುಡಿಯಲ್ಲೇ ಇದೆ ಎಂಬ ಮಾತು ಕೇಳಿದ್ದೇ ಚಿದಂಬರ ಗೋಡೆಗೊರಗಿ ಕೂತು ಎರಡೂ ಕೈ ತಲೆಯ ಮೇಲಿಟ್ಟು ದೇವಿಯ ಹೆಸರು ಹೇಳಿದ. ಅನೀಶನ ಮುಖವೂ ಅರಳಿತು. ಹಾಗಾದರೆ ಮಗುವಿಗೆ ಗಂಟಲು ನೋವಷ್ಟೇ, ಶೀತ ಇರಬೇಕು ಎಂದ. ಅವಳು ಇಬ್ಬರ ಮಾತನ್ನೂ ಕೇಳಲಿಲ್ಲ. ತಮ್ಮನ ಮುಂದೆ ನಿಂತು, ಬಟ್ಟೆಯ ಮೇಲೆ ನಾಣ್ಯ ಬಿಟ್ಟು ಬೇರೆ ಏನಿತ್ತು ಎಂದು ಕೇಳಿದಳು. ಏನೂ ಇರಲಿಲ್ಲ ಎಂದ. ಮೊದಲು ತೆಗೆದ ಚಿತ್ರ ತೆಗಿ ಎಂದಳು. ಅಕ್ಕ ಜೀವಮಾನದಲ್ಲಿ ಆ ದನಿಯಲ್ಲಿ ಮಾತಾಡಿದವಳಲ್ಲ. ಅವನು ಲ್ಯಾಪ್‌ಟಾಪು ತೆರೆದ.

ಹಸಿರು ಬಟ್ಟೆ, ಸಾಲಾಗಿ ಹಳದಿಯ ಬಿಲ್ಲೆಗಳು, ಒಂದೊಂದರ ತಲೆಯಲ್ಲೂ ದಾರ ಪೋಣಿಸುವ ಕುಣಿಕೆ. ಬಟ್ಟೆಯ ಕೆಳಗಿನ ಅಂಚಿನಲ್ಲಿ, ಸಾಲಿನಿಂದ ಹೊರಗೆ, ಇನ್ನೊಂದು ಬಿಲ್ಲೆ. ಅದಕ್ಕೆ ಕುಣಿಕೆ ಇರಲಿಲ್ಲ. ಅದರ ಬಣ್ಣ ಬಿಳಿ. ಅನೀಶ ಆ ಮೂಲೆಯನ್ನು ಹಿಗ್ಗಿಸಿದ. ರಾಣಿಯಿಲ್ಲ, ಕುದುರೆಯಿಲ್ಲ. ನುಣ್ಣಗಿನ ಲೋಹದ ಮೇಲೆ ಕೆಲವು ಇಂಗ್ಲಿಷ್ ಅಕ್ಷರ, ಅಂಕಿ, ಮಧ್ಯದಲ್ಲಿ ಕೂಡಿಸುವ ಗುರುತು.

ಅವನ ಕೈ ತಾನಾಗಿ ಅಂಗಿಯ ಜೇಬಿಗೆ, ಅಲ್ಲಿಂದ ಪ್ಯಾಂಟಿನ ಜೇಬಿಗೆ, ಅಲ್ಲಿಂದ ಚೀಲಕ್ಕೆ ಹೋಯಿತು. ಎಲ್ಲೂ ಇರಲಿಲ್ಲ. ಬೆಳಿಗ್ಗೆ ರಿಮೋಟಿನಿಂದ ತೆಗೆದು ಪಕ್ಕಕ್ಕಿಟ್ಟ ಬ್ಯಾಟರಿ.

"ಅದು ಸತ್ತ ಬ್ಯಾಟರಿ ಅಕ್ಕಾ," ಎಂದ ಅನೀಶ. "ಅದರಲ್ಲಿ ಕರೆಂಟೇ ಇಲ್ಲ." ಹೇಳುತ್ತಿದ್ದವನಿಗೇ ತನ್ನ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಮಡಿಕೇರಿಯ ದೊಡ್ಡಾಸ್ಪತ್ರೆಗೆ ಫೋನು ಹಚ್ಚಿದ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ದಾಟಿಸಿ ಕೊನೆಗೆ ಡಾಕ್ಟರ್ ರಂಜಿತಾ ಎಂಬುವರು ಸಿಕ್ಕರು. ಅವನ ಅರ್ಧ ಮಾತಿಗೇ ಅವರು ತಡೆದರು. ಅವರ ದನಿ ನಡುಮನೆಯ ತುಂಬ ಕೇಳಿಸಿತು.

"ಸತ್ತದ್ದು, ಬದುಕಿದ್ದು ಅಂತ ಇಲ್ಲ ಅದರಲ್ಲಿ. ಗಂಟಲ ತೇವ ತಾಗಿದ ತಕ್ಷಣ ಸುಡೋಕೆ ಶುರು ಮಾಡುತ್ತೆ. ಎಷ್ಟು ಹೊತ್ತಾಯ್ತು ಅಂತ ಆಮೇಲೆ ಹೇಳಿ, ಮೊದಲು ಹೊರಡಿ. ಮಗುಗೆ ಒಂದು ವರ್ಷ ದಾಟಿದ್ಯಾ? ಸರಿ. ಮನೇಲಿ ಜೇನು ಇದ್ರೆ ದಾರೀಲಿ ಹತ್ತು ನಿಮಿಷಕ್ಕೊಂದ್ಸಲ ಎರಡು ಚಮಚ ಕೊಡ್ತಾ ಬನ್ನಿ, ಸುಡೋದು ಸ್ವಲ್ಪ ತಡೀತದೆ. ಬೇರೆ ಏನೂ ಕೊಡಬೇಡಿ. ವಾಂತಿ ಮಾಡಿಸ್ಬೇಡಿ."

ಅಭಿಷೇಕದ ಜೇನಿನ ಸೀಸೆ ದೇವರ ಕೋಣೆಯಲ್ಲೇ ಇತ್ತು. ಅನ್ನಪೂರ್ಣೆ ಅದನ್ನೂ ಚಮಚವನ್ನೂ ಹಿಡಿದು ಹೊರಗೆ ಬರುವಷ್ಟರಲ್ಲಿ ಚಿದಂಬರ ಬರಿಗಾಲಲ್ಲಿ ಪಕ್ಕದ ತೋಟಕ್ಕೆ ಓಡಿದ್ದ. ಆ ತೋಟದ ಒಡತಿ ಪೂವಮ್ಮ ಕಾಫಿ ಹಣ್ಣಿನ ಚೀಲ ಹೇರಿಸಿ ಜೀಪು ಹತ್ತುವುದರಲ್ಲಿದ್ದಳು. ವಿಷಯ ಕೇಳಿ ಚೀಲ ಇಳಿಸಲೂ ನಿಲ್ಲಲಿಲ್ಲ. ಜೀಪನ್ನು ಅಂಗಳಕ್ಕೇ ನುಗ್ಗಿಸಿದಳು. ಅನೀಶ ಹಿಂದೆ ಚೀಲಗಳ ಮೇಲೆ ಹತ್ತಿದ, ಗಂಡ ಹೆಂಡತಿ ಮುಂದೆ ಮಗುವನ್ನು ನಡುವೆ ಹಿಡಿದು ಕೂತರು.

ಒಳದಾರಿಯಲ್ಲಿ ಆನೆ ನಿಂತಿದೆ ಎಂದು ಗೇಟಿನ ಬಳಿ ಕಾಫಿ ಕೊಯ್ಯುವ ಪಿಕ್ಕಿಂಗಿನವರು ಕೈ ಅಡ್ಡ ಹಿಡಿದರು. ಪೂವಮ್ಮ ಜೀಪು ತಿರುಗಿಸಿ ಸುತ್ತಿನ ದಾರಿ ಹಿಡಿದಳು. ಚಿದಂಬರ ಇನ್ನೆಷ್ಟು ದೂರ, ಇನ್ನೆಷ್ಟು ಹೊತ್ತು ಎಂದು ತಿರುವಿಗೊಮ್ಮೆ ಕೇಳತೊಡಗಿದ.

"ಎಂತ ಭಟ್ರೇ, ಬೆಳಿಗ್ಗೆಯಿಂದ ಕೂತಿದ್ರಲ್ಲ ಸುಮ್ಮನೆ, ಈಗ ಒಂದು ಗಳಿಗೆ ಕೂರಿ," ಎಂದಳು ಪೂವಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ. "ಬಿಡೋದು ನಾನು ತಾನೇ."

ಆ ಮಾತು ಚಿದಂಬರನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು.

ಅನ್ನಪೂರ್ಣೆ ಜೇನು ಕೊಡುತ್ತಿದ್ದಳು. ಪ್ರತಿ ಸಲವೂ ಮಗು ಚಮಚದ ಕಡೆ ನೋಡಿ, ಬಾಯಿ ತೆರೆದು, ಜೇನನ್ನು ನಾಲಗೆಯ ಮೇಲೆ ಇಟ್ಟುಕೊಂಡು ಕಾಯುತ್ತಿತ್ತು. ಆಮೇಲೆ ಮುಖ ಹಿಂಡಿ ಗುಟುಕರಿಸುತ್ತಿತ್ತು. ಅರ್ಧ ಕೆಳಗೆ, ಅರ್ಧ ಗಲ್ಲದ ಮೇಲೆ. ಎಂಜಿನ್ನಿನ ಗದ್ದಲದಲ್ಲೂ ಅವಳು ಮಗುವಿನ ಎದೆಗೆ ಕಿವಿ ಒತ್ತಿ, ಒಂದು ಉಸಿರು ಬಂದ ಮೇಲೆ ಇನ್ನೊಂದು ಬರುವ ತನಕ ತನ್ನ ಉಸಿರನ್ನು ಹಿಡಿದಿಡುತ್ತಿದ್ದಳು. ಬೇಡಿಕೊಳ್ಳಬೇಕು ಎಂದುಕೊಂಡಳು. ಚಿಕ್ಕಂದಿನಿಂದ ಬಾಯಿಗೆ ಬಂದ ಸ್ತುತಿಗಳಲ್ಲಿ ಒಂದರ ಮೊದಲ ಪದವೂ ನೆನಪಾಗಲಿಲ್ಲ. ಕಣ್ಣು ಮುಚ್ಚಿದರೆ ಆ ಬಿಳಿಯ ನುಣ್ಣನೆಯ ಬಿಲ್ಲೆ, ಅದರ ನಡುವಿನ ಗುರುತು. ಹಾವಿಗಾದರೂ ಕಣ್ಣಿತ್ತು.

ಚಿದಂಬರನ ಫೋನು ರಿಂಗಾಯಿತು. ಮಂಜುನಾಥ. ಅವನು ತೆರೆಯ ಮೇಲಿನ ಹೆಸರನ್ನು ಒಂದು ಕ್ಷಣ ನೋಡಿ ಕಿವಿಗಿಟ್ಟುಕೊಂಡ.

"ಪವನೆಲ್ಲ ಮನೆಯಲ್ಲಿ ಮೇಜಿನ ಮೇಲಿದೆ. ಬಾಗಿಲು ತೆಗೆದೇ ಬಂದಿದ್ದೇನೆ," ಎಂದ. "ಒಂದು ಅಮ್ಮನ ಕೊರಳಲ್ಲಿದೆ. ನೀವು ಬೇಕಾದರೆ ಹೋಗಿ ನೋಡಿಕೊಳ್ಳಿ, ಬೇಡದಿದ್ದರೆ ಬಿಡಿ. ನಾನು ಮಗುವನ್ನು ಕರೆದುಕೊಂಡು ಹೋಗ್ತಾ ಇದ್ದೇನೆ."

ಅತ್ತ ಮಂಜುನಾಥ ಏನು ಹೇಳಿದನೆಂದು ಅವನು ಕೇಳಿಸಿಕೊಳ್ಳಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರ್ ರಂಜಿತಾ ಸ್ಟ್ರೆಚರು ಹಿಡಿಸಿಕೊಂಡೇ ನಿಂತಿದ್ದರು. ಅನೀಶ ಲ್ಯಾಪ್‌ಟಾಪು ತೆರೆದು ಆ ಚಿತ್ರ ತೋರಿಸಿದ. ಅವರು ಅಕ್ಷರ, ಅಂಕಿಗಳನ್ನು ಓದಿಕೊಂಡು ತಲೆಯಾಡಿಸಿದರು. ಎಕ್ಸ್‌ರೇ ತೆಗೆದರು. ಮಗುವಿನ ಪಕ್ಕೆಲುಬುಗಳ ಮೇಲೆ, ಕತ್ತು ಮುಗಿದು ಎದೆ ಶುರುವಾಗುವಲ್ಲಿ, ಒಂದು ಬಿಳಿಯ ವೃತ್ತ, ಅದರೊಳಗೆ ಇನ್ನೊಂದು ವೃತ್ತ. ನಾಣ್ಯಕ್ಕೆ ಹೀಗೆ ಒಳಗೊಂದು ಸುತ್ತು ಇರುವುದಿಲ್ಲ ಎಂದಷ್ಟೇ ಹೇಳಿ ಅವರು ಮಗುವನ್ನು ಒಳಗೆ ಸಾಗಿಸಿದರು. ಹೋಗುವ ಮುನ್ನ, ನುಂಗಿ ಎಷ್ಟು ಹೊತ್ತಾಗಿರಬಹುದು ಎಂದು ಕೇಳಿದರು. ಅನ್ನಪೂರ್ಣೆಯೇ ಹೇಳಿದಳು: ಬೆಳಿಗ್ಗೆ ಹಾಲು ಉಕ್ಕಿದ ಹೊತ್ತಿಗೆ ನುಂಗಿದ್ದು, ಚಿನ್ನದ ನಾಣ್ಯ ಎಂದುಕೊಂಡು ಬಿಸಿಲೇರುವ ತನಕ ಕಾದೆವು. ಡಾಕ್ಟರು ಬೈಯಲಿಲ್ಲ, ಹೊತ್ತನ್ನು ಬರೆದುಕೊಂಡು ಒಳಗೆ ಹೋದರು. ಬೈದಿದ್ದರೆ ಅವಳಿಗೆ ಸ್ವಲ್ಪ ಧೈರ್ಯ ಬರುತ್ತಿತ್ತು.

ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹತ್ತಿತು. ಪೂವಮ್ಮ ಜೀಪಿನ ಚೀಲಗಳನ್ನು ಮರೆತು ಬೆಂಚಿನ ಮೇಲೆ ಕೂತಿದ್ದಳು. ಅನೀಶ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಹೆಗಲು ಅಲುಗುತ್ತಿದ್ದದ್ದನ್ನು ನೋಡಿಯೂ ಅನ್ನಪೂರ್ಣೆಗೆ ಎದ್ದು ಹೋಗಿ ಮುಟ್ಟಲು ಆಗಲಿಲ್ಲ. ಮುಟ್ಟಿದರೆ ಸಿಟ್ಟು ಬರುತ್ತದೋ ಕನಿಕರ ಬರುತ್ತದೋ ಅವಳಿಗೆ ಗೊತ್ತಿರಲಿಲ್ಲ. ಚಿದಂಬರ ಅವಳ ಕಾಲ ಬಳಿ ನೆಲದ ಮೇಲೆ ಕೂತು, ನಾನು ಕಾಯಿಸಿದೆ, ನಾನೇ ಕಾಯಿಸಿದೆ ಎಂದು ಹೇಳುತ್ತಲೇ ಇದ್ದ.

ಡಾಕ್ಟರು ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಸ್ಟೀಲಿನ ಬಟ್ಟಲಿತ್ತು. ಅದರೊಳಗೆ ಬ್ಯಾಟರಿ. ಚಿತ್ರದಲ್ಲಿ ಅಷ್ಟು ಬೆಳ್ಳಗೆ ಹೊಳೆದದ್ದು ಈಗ ಒಂದು ಬದಿ ಪೂರ್ತಿ ಕರ್ರಗಾಗಿತ್ತು.

"ತೆಗೆದಿದ್ದೇವೆ," ಎಂದರು. "ಅನ್ನನಾಳ ಸುಟ್ಟಿದೆ. ತೂತಾಗಿಲ್ಲ ಅಂತ ಇವತ್ತು ಹೇಳಬಲ್ಲೆ, ನಾಳೆಯದ್ದು ಹೇಳಲಾರೆ. ಅದರ ಪಕ್ಕದಲ್ಲೇ ದೊಡ್ಡ ರಕ್ತನಾಳ ಇದೆ. ಬ್ಯಾಟರಿ ತೆಗೆದ ಮೇಲೂ ಗಾಯ ಒಳಗೊಳಗೇ ಬೆಳೆಯಬಹುದು. ಜೇನು ಕೊಟ್ಟದ್ದು ಒಳ್ಳೆಯದಾಯ್ತು. ಇನ್ನು ಕೆಲವು ವಾರ ನೀವು ಹೆದರಿಕೊಂಡೇ ಇರಬೇಕು. ಒಂದು ಹನಿ ರಕ್ತ ಕಂಡರೂ ಓಡಿ ಬರಬೇಕು."

ಮೂಗಿನಲ್ಲಿ ಕೊಳವೆ ಹಾಕಿ ಅದರಿಂದಲೇ ಮಗುವಿಗೆ ಆಹಾರ ಕೊಟ್ಟರು. ಬಾಯಿಗೆ ನೀರೂ ಇಲ್ಲ. ಪಕ್ಕದ ಮಂಚದ ಮಗು ಬಿಸ್ಕತ್ತು ತಿನ್ನುವುದನ್ನು ನೋಡಿ ಆಶ್ರಿತಾ ಕೈ ಚಾಚುತ್ತಿತ್ತು; ಅನ್ನಪೂರ್ಣೆ ಅಡ್ಡ ಕೂತು ಮರೆ ಮಾಡುತ್ತಿದ್ದಳು. ಮಗು ಕೆಮ್ಮಿದಾಗೆಲ್ಲ ಬಾಯಿಗೆ ಬಿಳಿಯ ಬಟ್ಟೆ ಹಿಡಿದು, ಬೆಳಕಿಗೆ ಹಿಡಿದು, ನೋಡುತ್ತಿದ್ದಳು. ವನಜಮ್ಮ ಬಂದು ದೇವಿಯ ಕುಂಕುಮ ಮೊಮ್ಮಗಳ ಹಣೆಗೆ ಹಚ್ಚಿ, ತಾನು ಕಾಸು ಕಟ್ಟಿದ ಮಾತನ್ನು ಬೆಳಿಗ್ಗೆಯೇ ಮಗನಿಗೆ ಹೇಳಬೇಕಿತ್ತು ಎಂದು ಹೇಳಿ, ಸೊಸೆಯ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು ಕೂತರು. ಕುಂಕುಮದ ಪುಡಿ ದಿಂಬಿನ ಮೇಲೆ ಉದುರಿತು. ಅನ್ನಪೂರ್ಣೆ ಕಂಡ ಕೂಡಲೇ ಅದು ರಕ್ತವೆಂದು ಚೀರಿ ನರ್ಸನ್ನು ಕರೆದಳು.

ಎರಡನೆಯ ಸಲ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದ ದಿನ ಡಾಕ್ಟರು, ಒಂದು ಚಮಚ ನೀರು ಕೊಟ್ಟು ನೋಡೋಣ ಎಂದರು. ಕೊಡುವುದು ತಾಯಿಯೇ ಎಂದರು. ಚಿದಂಬರ ಮಂಚದ ಕಂಬಿ ಹಿಡಿದು ನಿಂತ. ಅನ್ನಪೂರ್ಣೆ ಚಮಚವನ್ನು ಮಗುವಿನ ತುಟಿಗೆ ತಂದಳು. ಮಗು ಆತುರದಿಂದ ಬಾಯಿ ತೆರೆದು ನೀರನ್ನು ಎಳೆದುಕೊಂಡಿತು. ಕತ್ತಿನ ಮೇಲೆ ಸಣ್ಣದೊಂದು ಅಲೆ ಎದ್ದು ಕೆಳಗಿಳಿಯಿತು. ಎಲ್ಲರೂ ಕಾದರು. ಕೆಮ್ಮು ಬರಲಿಲ್ಲ. ಏನೂ ಹೊರಗೆ ಬರಲಿಲ್ಲ. ಇವತ್ತಿಗೆ ಇಷ್ಟು ಸಾಕು ಎಂದರು ಡಾಕ್ಟರು.

ಮಗುವಿಗೆ ಸಾಕಾಗಿರಲಿಲ್ಲ. ಒರಟು ದನಿಯಲ್ಲಿ ಇನ್ನೂ ಬೇಕೆಂದು ಅಳುತ್ತ, ಎರಡೂ ಕೈಯಿಂದ ಬರಿಯ ಚಮಚವನ್ನು ಹಿಡಿದು ಎಳೆಯಿತು. ಅನ್ನಪೂರ್ಣೆ ಬಿಡಲಿಲ್ಲ. ಮಗು ಜಗ್ಗಿತು, ಅವಳು ಇತ್ತ ಜಗ್ಗಿದಳು. ಆ ಪುಟ್ಟ ಬೆರಳುಗಳಿಗೆ ಇಷ್ಟು ಬಲ ಎಲ್ಲಿಂದ ಬಂತೆಂದು ಅವಳಿಗೆ ತಿಳಿಯಲಿಲ್ಲ. ಇನ್ನೊಂದು ಕೈಯಲ್ಲಿ ಆ ಬಿಳಿಯ ಬಟ್ಟೆಯನ್ನು ಅವಳು ಇನ್ನೂ ಹಿಡಿದೇ ಇದ್ದಳು.